ಕರಿ ಬಿಯರಿನ ಲೋಟದಾಗ ನಮ್ಮ ಬಿಳಿಜ್ವಾಳ

ಈ ಸಲದ ಬರಹ ಬೆಂಗಳೂರಿನ ಒಂದು ಬಿಯರ್ ಲೋಟದಿಂದ ಶುರು ಆಗ್ತೈತಿ. ಕುಡಿಯದವರು ಇಲ್ಲೇ ಬಿಟ್ಟು ಹೋಗಬ್ಯಾಡ್ರಿ. ಇದರಾಗ ಜ್ವಾಳದ ರೇಟಿನ ಮಾತು ಐತಿ.

ಮೊದಲು ಹೊಲದ ಸುದ್ದಿ ಹೇಳಿ ಮುಂದಕ್ಕೆ ಹೋಗ್ತೀನಿ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಹರಿದು ಕೊಚ್ಚಿ ಹೋದದ್ದು ಎಲ್ಲರಿಗೂ ಗೊತ್ತು. ಗೇಟು ಬದಲಾಯಿಸೋ ಕೆಲಸ ಅಂತ ಈ ಸಲ ಎರಡನೇ ಬೆಳೆಗೆ ನಾಲೆಗೆ ನೀರು ಬಿಡಲಿಲ್ಲ. ಮುನಿರಾಬಾದಿನಾಗ ಡ್ಯಾಮಿನ ಬುಡದಾಗ ಕೂತು ನೀರಿಲ್ಲ ಅನ್ನೋದು ಕೇಳೋರಿಗೆ ನಗು ಬರಬಹುದು. ನನ್ನ ನಾಲೆ ಕೆಳಗಿನ ಎರಡು ಎಕರೆ ಗದ್ದಿ ಬೀಳು ಬಿದ್ದೈತಿ. ಮೇಲಿನ ಮೂರು ಎಕರೆ ಎರಿ ಹೊಲದಾಗ ಮಾತ್ರ ಹಿಂಗಾರಿ ಮಾಲ್ದಂಡಿ ಜ್ವಾಳ ನಿಂತೈತಿ, ತೆನಿ ಕಾಳು ಕಟ್ಟೈತಿ. ಹಂಗಾಗಿ ಈ ವರ್ಷ ಜ್ವಾಳದ ಮ್ಯಾಲೆ ನನ್ನ ಲಕ್ಷ್ಯ ಸ್ವಲ್ಪ ಜಾಸ್ತಿ.

ನಮ್ಮ ಅಕ್ಕನ ಮಗ ಕೆಮಿಕಲ್ ಇಂಜಿನಿಯರಿಂಗ್ ಓದಿದವನು. ಈಗ ಬೆಂಗಳೂರಿನಾಗ ಬಿಯರ್ ಕುದಿಸ್ತಾನ. ಅಲ್ಲೇ ತಯಾರು ಮಾಡಿ ಅಲ್ಲೇ ಲೋಟಕ್ಕೆ ಹಾಕಿ ಕೊಡೋ ಜಾಗ, ಮೈಕ್ರೋಬ್ರೂವರಿ ಅಂತಾರ. ಇಂದಿರಾನಗರದಲ್ಲಿ 2010ರಲ್ಲಿ ಟಾಯ್ಟ್ ಶುರು ಆದ ಮೇಲೆ ಇಂಥವು ಬೆಂಗಳೂರಿನ ತುಂಬ ಆಗ್ಯಾವು. ಇವನು ಕೆಲಸ ಮಾಡೋದು ಬೇರೆ ಕಡೆ, ಅದರ ಹೆಸರು ಇಲ್ಲಿ ಬ್ಯಾಡ. ಹೋದ ತಿಂಗಳು ಕಣ್ಣಿನ ತಪಾಸಣೆಗೆ ಅಂತ ಬೆಂಗಳೂರಿಗೆ ಹೋಗಿದ್ದೆ. "ಮಾವ, ನಾ ಮಾಡಿದ್ದನ್ನ ಒಂದು ಸಲ ಕುಡಿದು ನೋಡ್ರಿ, ಚಲೋ ಇಲ್ಲಾಂದ್ರ ಬಾಯಿ ಬಿಟ್ಟು ಹೇಳ್ರಿ" ಅಂದ. ಹೋದೆ.

ಕುಡಿಯೋದರಾಗ ನಾನೇನು ಪಂಡಿತ ಅಲ್ಲ. ವರ್ಷಕ್ಕ ನಾಕಾರು ಸಲ, ಮದುವಿ ಮುಂಜಿ ಹೊತ್ತಿನಾಗ, ಹೊಸಪೇಟೆ ಕಡೆ ಹೋದರೆ ಒಂದು ತಣ್ಣನೆ ಬಾಟ್ಲಿ. ಅದಕ್ಕ ರುಚಿ ಅಂತ ಏನಿಲ್ಲ. ತಂಪು ಇರ್ತೈತಿ, ಸ್ವಲ್ಪ ಕಹಿ ಇರ್ತೈತಿ, ಅಷ್ಟೇ. ಇವನು ತಂದಿಟ್ಟಿದ್ದು ಹಂಗಿರಲಿಲ್ಲ. ಸಣ್ಣ ಲೋಟ, 330 ಎಂ.ಎಲ್. ಬಣ್ಣ ಕಾಕಂಬಿಯಂಗೆ ಕಪ್ಪು. ದೀಪಕ್ಕ ಹಿಡಿದರೆ ಅಂಚಿನಾಗ ಮಾತ್ರ ಕೆಂಪು, ಎರಿ ಹೊಲದಾಗ ಸಂಜೀ ಬಿಸಿಲು ಬಿದ್ದಂಗ. ಮ್ಯಾಲೆ ನೊರಿ ಹಾಲಿನ ಕೆನಿಯಂಗೆ ಕಂದು. ಕೈಯಾಗ ಹಿಡಿದರೆ ಕೈ ಜುಮ್ ಅನ್ನೋವಷ್ಟು ತಣ್ಣಗಿರಲಿಲ್ಲ. "ಇದನ್ನ ಐಸ್ ಮಾಡಿ ಕೊಟ್ಟರೆ ರುಚಿ ಸತ್ತು ಹೋಗ್ತೈತಿ ಮಾವ" ಅಂದ.

ಮೂಗಿನ ಹತ್ತಿರ ತಂದ ಕೂಡಲೆ ನನಗೆ ನೆನಪಾದದ್ದು ಆಲೆಮನಿ. ಕಬ್ಬಿನ ಹಾಲು ಕೊಪ್ಪರಿಗೆಯಾಗ ಕುದ್ದು ಕುದ್ದು ಪಾಕ ಬರೋ ಹೊತ್ತಿನಾಗ, ಅಂಚಿಗೆ ಹತ್ತಿದ್ದು ಸ್ವಲ್ಪ ಸೀದು ಬರ್ತೈತಲ್ಲ, ಆ ವಾಸನಿ. ಹಿಂದಕ್ಕ ಹೊಸಪೇಟೆ ಸಕ್ಕರಿ ಫ್ಯಾಕ್ಟರಿ ನಡೆಯೋ ಕಾಲಕ್ಕ ಆ ರಸ್ತಾದಾಗ ಹೋದವರಿಗೂ ಇದರ ಅಂದಾಜು ಸಿಗಬಹುದು, ಆದರೆ ಇದರಾಗ ಹುಳಿತ ಇಲ್ಲ. ಬಾಯಿಗೆ ಹಾಕಿದರೆ ಮೊದಲು ಸಿಹಿ. ಸಕ್ಕರಿ ಸಿಹಿ ಅಲ್ಲ, ಬೆಲ್ಲ ಸುಟ್ಟ ಸಿಹಿ. ಆಮೇಲೆ ಹಂಚಿನ ಮ್ಯಾಲೆ ಒಂದು ಗಳಿಗಿ ಜಾಸ್ತಿ ಬಿಟ್ಟ ರೊಟ್ಟಿಯ ಕಂದು ಚುಕ್ಕಿ ತಿಂದಂಗ. ಅದರ ಹಿಂದೆ ಒಣದ್ರಾಕ್ಷಿ. ಕಹಿ ಹುಡುಕಿದರೆ ಸಿಗ್ತೈತಿ, ಇಲ್ಲಾಂದ್ರ ಇಲ್ಲ. ನುಂಗಿದ ಮ್ಯಾಲೆ ಎದಿಯಾಗ ಬೆಚ್ಚಗೆ. ಎಂಟು ಪರ್ಸೆಂಟ್ ಐತಂತ, ಬಾಟ್ಲಿ ಬಿಯರಿಗಿಂತ ಗಟ್ಟಿ. ಒಂದೇ ಲೋಟಕ್ಕ ಸಾಕು ಅನಿಸಿತು. ಚಲೋ ಇತ್ತು. ಹುಡುಗನಿಗೆ ಬಾಯಿ ಬಿಟ್ಟೇ ಹೇಳಿದೆ.

ಇದು ಸ್ಕಾಟ್ಲೆಂಡಿನ ಪದ್ಧತಿ ಅಂತ. ಅಲ್ಲಿ ಹಾಪ್ಸ್ ಅನ್ನೋ ಕಹಿ ಹೂವನ್ನ ಕಡಿಮಿ ಹಾಕಿ, ಬಾರ್ಲಿಯ ರುಚಿಯನ್ನ ಮುಂದಕ್ಕ ತರ್ತಾರ. ಬಾರ್ಲಿ ಕಾಳು ನೆನೆಹಾಕಿ, ಮೊಳಕಿ ಬರಿಸಿ, ಒಣಗಿಸಿ, ಅದರಾಗ ಸ್ವಲ್ಪ ಕಾಳನ್ನ ಕಪ್ಪಗೆ ಹುರಿದು, ನುಚ್ಚು ಮಾಡಿ ಬಿಸಿನೀರಾಗ ಹಾಕಿ ಸಿಹಿ ರಸ ತೆಗೀತಾರ. ಮೊದಲು ಇಳಿದ ಗಟ್ಟಿ ರಸದಾಗ ಒಂದಿಷ್ಟನ್ನ ಬ್ಯಾರೆ ಕುದಿಸಿ ಪಾಕ ಮಾಡಿ ಮತ್ತೆ ಕೂಡಿಸ್ತಾನಂತ ನಮ್ಮ ಹುಡುಗ. ಆಲೆಮನಿ ವಾಸನಿ ಬಂದದ್ದು ಅದಕ್ಕೇ. ಕೆಲವರು ಹೊಗಿ ಹಾಕಿದ ಕಾಳು ಸೇರಿಸ್ತಾರಂತ, ಸ್ಕಾಟ್ಲೆಂಡ್ ಅಂದ್ರ ಹೊಗಿ ಅಂತ ಜನ ತಿಳ್ಕೊಂಡಿದ್ದಕ್ಕ. ಹೊಗಿ ವಿಸ್ಕಿಯದು, ಬಿಯರಿನದಲ್ಲ ಅಂತ ಅವನ ವಾದ. ಮೊಳಕಿ ಬರಿಸಿದ ಕಾಳಿಗೆ ಮಾಲ್ಟ್ ಅಂತಾರ. ನಮ್ಮ ಸರಕಾರಿ ಸಾಲಿ ಮಕ್ಕಳಿಗೆ ಹಾಲಿನಾಗ ರಾಗಿ ಮಾಲ್ಟ್ ಕೊಡ್ತಾರಲ್ಲ, ಅದೇ ಮಾಲ್ಟ್. ಮೊಳಕಿ ಬಂದರೆ ಕಾಳಿನ ಹಿಟ್ಟು ಸಿಹಿ ಆಗ್ತೈತಿ ಅನ್ನೋದನ್ನ ನಮ್ಮ ಹೆಣ್ಣುಮಕ್ಕಳಿಗೆ ಯಾವ ಕಾಲೇಜೂ ಕಲಿಸಬೇಕಿಲ್ಲ.

ಹೆಸರಿನ ಕಥಿ ಇನ್ನೂ ಮಜಾ ಐತಿ. ಅಲ್ಲಿ ಹಿಂದಕ್ಕ ಬ್ಯಾರಲ್ಲಿಗೆ ಎಷ್ಟು ಶಿಲ್ಲಿಂಗ್ ರೇಟು ಅನ್ನೋದೇ ಬಿಯರಿನ ಹೆಸರಾಗಿತ್ತು. 60 ಶಿಲ್ಲಿಂಗ್ ಅಂದ್ರ ಹಗುರ, 80 ಅಂದ್ರ ಗಟ್ಟಿ, 90 ಅಂದ್ರ ಇನ್ನೂ ಗಟ್ಟಿ. ಬಾಳ ಗಟ್ಟಿ ಇದ್ದದ್ದಕ್ಕ ವೀ ಹೆವಿ ಅಂದ್ರು. ವೀ ಅಂದ್ರ ಅವರ ಮಾತಿನಾಗ ಸಣ್ಣದು ಅಂತ. ನಮ್ಮ ಕಡೆಗೂ ನೈಂಟಿ ಅಂದ್ರ ಸಣ್ಣ ಹುಡುಗರಿಗೂ ತಿಳೀತೈತಿ, ಆದರೆ ಅದು ಟೆಟ್ರಾ ಪ್ಯಾಕಿನ 90 ಎಂ.ಎಲ್. ಅವರು ರೇಟಿನ ಹೆಸರಿಟ್ರು, ನಾವು ಅಳತಿ ಹೆಸರಿಟ್ಟಿವಿ. ನನ್ನ ತಲಿಯಾಗ ಉಳಿದದ್ದು ಇಷ್ಟು: ರೇಟನ್ನ ಎಲ್ಲರಿಗೂ ಕಾಣೋಹಂಗ ಹೆಸರಿನಾಗೇ ಬರೆದಿದ್ರು.

ಇನ್ನ ಲೆಕ್ಕಕ್ಕ ಬರೋಣ. ಆ ಲೋಟಕ್ಕ ಟ್ಯಾಕ್ಸು ಸೇರಿ 480 ರೂಪಾಯಿ. ಬೋರ್ಡಿನ ಮ್ಯಾಲೆ "ಲಿಮಿಟೆಡ್ ರಿಲೀಸ್" ಅಂತ ಸುಣ್ಣದ ಕಡ್ಡಿಯಿಂದ ಬರೆದಿದ್ರು. ಅಂದ್ರ ಒಂದೇ ಹಂಡೆ ಮಾಡ್ಯಾರ, ತೀರಿದರೆ ತೀರಿತು. ಸಾವಿರ ಲೀಟರ್ ಇಂಥ ಗಟ್ಟಿ ಬಿಯರಿಗೆ ಮುನ್ನೂರು ಕಿಲೋಗೂ ಮ್ಯಾಲೆ ಮಾಲ್ಟ್ ಹೋಗ್ತೈತಿ ಅಂದ ಹುಡುಗ. ನನ್ನ ಲೋಟಕ್ಕ ಹೆಚ್ಚು ಕಡಿಮಿ ನೂರು ಗ್ರಾಂ. ನೂರು ಗ್ರಾಂ ಮಾಲ್ಟಿಗೆ ನೂರ ಇಪ್ಪತ್ತೈದು ಗ್ರಾಂ ಕಾಳು ಬೇಕು, ಉಳಿದದ್ದು ಮೊಳಕಿ, ಬೇರು, ಒಣಗಿದ್ದು ಅಂತ ಹೋಗ್ತೈತಿ. 2026-27ರ ಮಾರಾಟ ಹಂಗಾಮಿಗೆ ಇಟ್ಟ ಬಾರ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 2150. ಅಂದ್ರ ಲೋಟದಾಗಿನ ಕಾಳಿನ ಬೆಲೆ 2 ರೂಪಾಯಿ 70 ಪೈಸೆ. ಅದೇ ನಮ್ಮ ಮಾಲ್ದಂಡಿ ಜ್ವಾಳ ಹಾಕಿದ್ರ? 2025-26ರ ಬೆಂಬಲ ಬೆಲೆ 3749. ಆಗಲೂ ನಾಕೂ ಮುಕ್ಕಾಲು ರೂಪಾಯಿ ದಾಟಂಗಿಲ್ಲ. ಒಂದು ಕ್ವಿಂಟಲ್ ಕಾಳಿಗೆ ಎಂಟುನೂರು ಲೋಟ. ಎಂಟುನೂರು ಲೋಟಕ್ಕ ಮೂರು ಲಕ್ಷ ಎಂಬತ್ತನಾಲ್ಕು ಸಾವಿರ.

ಇದನ್ನ ಓದಿ "ಲೂಟಿ" ಅಂತ ಒದರೋರು ಇರ್ತಾರ, ನಾನು ಒದರಂಗಿಲ್ಲ. ಆ ಜಾಗದ ಬಾಡಿಗಿ ಐತಿ, ಸ್ಟೀಲ್ ಹಂಡೆ ಐತಿ, ಹತ್ತಾರು ಹುಡುಗರ ಪಗಾರ ಐತಿ, ಅಬಕಾರಿ ಐತಿ. ನಮ್ಮ ರಾಜ್ಯ ಸರಕಾರ 2025-26ರ ಬಜೆಟ್ಟಿನಾಗ ಅಬಕಾರಿಯಿಂದ 40,000 ಕೋಟಿ ಗುರಿ ಇಟ್ಟಿತ್ತು. ಲೋಟದಾಗ ಯಾರ್ಯಾರು ಪಾಲುದಾರರು ಅಂತ ಇದರಾಗೇ ತಿಳ್ಕೊಳ್ರಿ. ನಾನು ಹೇಳೋದು ಇಷ್ಟೇ. ಕಾಳಿನ ರೇಟು ದುಪ್ಪಟ್ಟು ಆದರೂ ಲೋಟದ ರೇಟಿನಾಗ ಐದು ರೂಪಾಯಿ ಫರಕು ಬರಂಗಿಲ್ಲ. ಸಂತಿಯಾಗ ಜ್ವಾಳ ಕೊಳ್ಳೋ ಕೂಲಿಕಾರನಿಗೆ ಕಿಲೋಗೆ ಐದು ರೂಪಾಯಿ ಏರಿದರೆ ಹೊಟ್ಟಿಗೆ ಬೀಳ್ತೈತಿ. ಇವರಿಗೆ ಬೀಳಂಗಿಲ್ಲ. ಕಾಳಿಗೆ ಜಾಸ್ತಿ ರೇಟು ಕೊಡೋ ತಾಕತ್ತು ಇರೋ ಗಿರಾಕಿ ಅಂದ್ರ ಇವರೇ.

ಕೊಡ್ತಾರೇನು? ಬ್ಯಾರೆ ದೇಶದಾಗ ಕೊಟ್ಟಾರ. ಆ ಹಂಡೆಗೆ ಹಾಕಿದ ಕಾಳಿನ ಚೀಲ ತೋರಿಸಿದ. ಇಂಗ್ಲೆಂಡಿನಿಂದ ಬಂದದ್ದು. ಚೀಲದ ಮ್ಯಾಲೆ ಕಂಪನಿ ಹೆಸರಿನ ಜೊತಿ ತಳಿ ಹೆಸರೂ ದಪ್ಪಗೆ ಐತಿ: ಮ್ಯಾರಿಸ್ ಆಟರ್. 1960ರ ದಶಕದ ತಳಿ. ಹೊಸ ತಳಿಗಳ ಮುಂದೆ ಇಳುವರಿ ಕಡಿಮಿ ಅಂತ 1980ರ ದಶಕದ ಕೊನಿಗೆ ಅಲ್ಲಿನ ಶಿಫಾರಸು ಪಟ್ಟಿಯಿಂದ ತೆಗೆದಿದ್ರು, ಬೀಜ ಕೆಟ್ಟು ಅಳಿದು ಹೋಗೋ ಹೊತ್ತಿತ್ತು. ಇಬ್ಬರು ಧಾನ್ಯ ವ್ಯಾಪಾರಿಗಳು ಸೇರಿ ಬೀಜ ಶುದ್ಧ ಮಾಡಿಸಿ, ರೈತರಿಗೆ ಕರಾರು ಕೊಟ್ಟು ಬೆಳೆಸಿದ್ರು. ಬಿಯರ್ ಮಾಡೋರು ಅದೇ ಬೇಕು ಅಂತ ಜಾಸ್ತಿ ರೇಟಿಗೆ ಕೊಂಡ್ರು. ಇಂದಿಗೂ ಬೆಳೀತಾರ. ಇಳುವರಿ ಕಡಿಮಿ ಆದ ರೈತನಿಗೆ ಆ ಕೊರತಿಯನ್ನ ರೇಟಿನಾಗ ತುಂಬಿಕೊಡ್ತಾರ.

ಈಗ ನಮ್ಮ ಮಾಲ್ದಂಡಿ ನೋಡ್ರಿ. ಎಂ 35-1 ಅಂತ ನಾವು ಬಿತ್ತೋದು ಸೊಲ್ಲಾಪುರ ಕಡೆಯ ಮೊಹೋಳದಾಗ 1930ರ ದಶಕದಾಗ ಆರಿಸಿದ ತಳಿ. ಮ್ಯಾರಿಸ್ ಆಟರಿಗಿಂತ ಹಿರಿಯ. ರೊಟ್ಟಿಗೆ ಇದರ ಸಮ ಇಲ್ಲ ಅಂತ ನಮ್ಮ ಜನ, ದನಕ್ಕ ಇದರ ಕಣಿಕಿ ಸಮ ಇಲ್ಲ ಅಂತ ದನ, ಇಬ್ಬರೂ ಒಪ್ಪಿದ ಮಾತು. ಆದರೆ ಇಳುವರಿ? ಮಳಿ ನಂಬಿದ ನನ್ನ ಎರಿ ಹೊಲದಾಗ ಎಕರೆಗೆ ಆರು ಕ್ವಿಂಟಲ್ ಆದರೆ ದೊಡ್ಡದು. ಕೀಳೋಕ, ತೆನಿ ಮುರಿಯೋಕ ಆಳು ಸಿಗಂಗಿಲ್ಲ. ಕುಷ್ಟಗಿ ಯಲಬುರ್ಗಾ ಕಡೆಯವರು ಅದಕ್ಕೇ ಮೆಕ್ಕೆಜ್ವಾಳಕ್ಕ ಹೊರಳ್ಯಾರ. ಆ ಮೆಕ್ಕೆಜ್ವಾಳದ ಪಾಡು ಹೋದ ವರ್ಷ ಏನಾತು? ಬೆಂಬಲ ಬೆಲೆ 2400 ಅಂತ ಕಾಗದದಾಗ, ಅಂಗಡಿಯಾಗ ಎರಡು ಸಾವಿರಾನೂ ಮುಟ್ಟಲಿಲ್ಲ. ಚೀಲದ ಮ್ಯಾಲೆ ಅದರ ಹೆಸರು "ಮಾಲು" ಅಷ್ಟೇ. ಮಾಲ್ದಂಡಿಯನ್ನೂ ಎ.ಪಿ.ಎಂ.ಸಿ.ಯಾಗ ಮಾಲು ಅಂತಾನೇ ಸುರಿಯೋದು.

"ಹಂಗಾದ್ರ ತಮ್ಮಾ, ನಮ್ಮ ಜ್ವಾಳದಾಗ ಇಂಥ ಕರಿ ಬಿಯರ್ ಆಗಂಗಿಲ್ಲೇನು?" ಅಂತ ಕೇಳಿದೆ. ಆಗ್ತೈತಿ, ತ್ರಾಸು ಐತಿ ಅಂದ. ತ್ರಾಸು ಏನು ಅಂತ ಬಿಡಿಸಿ ಕೇಳಿದೆ. ಬಾರ್ಲಿಯ ಹಿಟ್ಟು ಅರವತ್ತು ಚಿಲ್ಲರೆ ಡಿಗ್ರಿ ಬಿಸಿಗೆ ಬೇಯ್ತೈತಿ, ಆ ಬಿಸಿಯಾಗ ಮೊಳಕಿಯೊಳಗಿನ ಕಿಣ್ವ ಬದುಕಿರ್ತಾವು, ಹಿಟ್ಟನ್ನ ಸಕ್ಕರಿ ಮಾಡ್ತಾವು. ಜ್ವಾಳದ ಹಿಟ್ಟು ಬೇಯಬೇಕಾದ್ರ ಎಪ್ಪತ್ತು ದಾಟಬೇಕು, ಅಷ್ಟೊತ್ತಿಗೆ ಕಿಣ್ವ ಸತ್ತು ಹೋಗ್ತಾವು. ಹಂಗಾಗಿ ಜ್ವಾಳ ಬ್ಯಾರೆ ಬೇಯಿಸಿ, ಆರಿಸಿ, ಆಮೇಲೆ ಕೂಡಿಸಬೇಕು. ನನಗೆ ನಗು ಬಂತು. ಗೋದಿ ಹಿಟ್ಟು ತಣ್ಣೀರಾಗ ನಾದಬಹುದು, ಜ್ವಾಳದ ಹಿಟ್ಟಿಗೆ ಎಸರು ಕಾಯಿಸಿ ಹಾಕಬೇಕು ಅಂತ ನಮ್ಮವ್ವ ಹೇಳಿದ್ದೂ ಇದೇ ಅಲ್ಲೇನು.

ಎರಡನೇದು, ಬಾರ್ಲಿಗೆ ಹೊಟ್ಟು ಇರ್ತೈತಿ, ರಸ ಸೋಸೋ ಹೊತ್ತಿನಾಗ ಆ ಹೊಟ್ಟೇ ಜರಡಿ ಆಗ್ತೈತಿ. ಜ್ವಾಳಕ್ಕ ಇಲ್ಲ, ಗಂಜಿ ಆಗಿ ಕೂತುಬಿಡ್ತೈತಿ. ಅದಕ್ಕ ಭತ್ತದ ಹೊಟ್ಟು ಕೂಡಿಸ್ತಾರಂತ. ಗಂಗಾವತಿ ಕಾರಟಗಿ ರೈಸ್ ಮಿಲ್ಲಿನ ಹಿಂದೆ ಗುಡ್ಡ ಬಿದ್ದಿರೋ ಹೊಟ್ಟು! ಮೂರನೇದು ನಮಗೆಲ್ಲ ಗೊತ್ತಿದ್ದದ್ದು: ಎಳೆ ಜ್ವಾಳದ ಚಿಗುರು ತಿಂದು ದನ ಸತ್ತದ್ದನ್ನ ನೋಡಿವಿ. ಮೊಳಕಿಯಾಗೂ ಆ ವಿಷದ ಅಂಶ ಇರ್ತೈತಿ. ಅದಕ್ಕ ಚಂದಾಗಿ ಒಣಗಿಸಿ, ಬೇರು ಚಿಗುರು ಉಜ್ಜಿ ತೆಗೀಬೇಕು. ಮನಿಯಾಗ ಯಾರೂ ಈ ಪ್ರಯೋಗ ಮಾಡಬ್ಯಾಡ್ರಿ, ರಾಗಿ ಬೇರೆ ಜ್ವಾಳ ಬೇರೆ.

ಆಫ್ರಿಕಾದವರು ಇದನ್ನೆಲ್ಲ ಎಂದೋ ದಾಟ್ಯಾರ. ನೈಜೀರಿಯಾ ಸರಕಾರ 1988ರಲ್ಲಿ ಬಾರ್ಲಿ ಮಾಲ್ಟ್ ಆಮದು ನಿಲ್ಲಿಸಿತು. ಬಿಯರ್ ಕಂಪನಿಗಳು ಸತ್ತೆವಪ್ಪಾ ಅಂತ ಕೂಗಿ, ಆಮೇಲೆ ತಮ್ಮ ದೇಶದ ಜ್ವಾಳದಾಗೇ ಬಿಯರ್ ಮಾಡಿದ್ವು. ಕೀನ್ಯಾದಾಗ 2004ರಿಂದ ಸೆನೇಟರ್ ಕೆಗ್ ಅಂತ ಅಗ್ಗದ ಬಿಯರು, ಕಳ್ಳಭಟ್ಟಿ ಕುಡಿದು ಸಾಯೋರನ್ನ ಅದರಿಂದ ಬಿಡಿಸೋಣ ಅಂತ ಸರಕಾರವೇ ಟ್ಯಾಕ್ಸ್ ಬಿಟ್ಟಿತ್ತು. ಅದಕ್ಕ ಅಲ್ಲಿಯ ಸಣ್ಣ ರೈತರು ಜ್ವಾಳ ಬೆಳೆದು ಕೊಡ್ತಿದ್ರು. 2013ರಲ್ಲಿ ಸರಕಾರ 50 ಪರ್ಸೆಂಟ್ ಸುಂಕ ಹಾಕಿತು. ಬಿಯರಿನ ರೇಟು ಏರಿತು, ಮಾರಾಟ ಧೊಪ್ ಅಂತ ಬಿತ್ತು, ಜ್ವಾಳ ಕೇಳೋರು ಇಲ್ಲದಂಗಾತು. 2015ರಲ್ಲಿ ಮತ್ತೆ ರಿಯಾಯಿತಿ ಕೊಟ್ರು. ನಡುವಿನ ಎರಡು ವರ್ಷ ಆ ರೈತ ಏನು ತಿಂದ ಅನ್ನೋದು ನಮಗೆ ನಿಮಗೆ ತಿಳೀದ ಮಾತಲ್ಲ. ಈ ಕಥಿ ನೆನಪಿಟ್ಕೊಳ್ರಿ. ಜ್ವಾಳದ ಬಿಯರ್ ಅಂದ ಕೂಡಲೆ ನಾನು ಕುಣಿದು ಊರೆಲ್ಲ ಬಿತ್ತಿಸಾಕ ಹೊಂಟಿಲ್ಲ ಅನ್ನೋದಕ್ಕ ಇದೇ ಕಾರಣ.

ಇನ್ನೊಂದು ಕಾರಣ ನಮ್ಮ ಹತ್ತಿರದ್ದೇ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಎಲ್ಲಾ ಕಡೆ ಗದ್ದಲ ಇತ್ತು. ಆಗ ಬೆಂಗಳೂರಿನವರೊಬ್ಬರು, ಅವರೂ ಇಂಥದ್ದೇ ಸ್ಪೆಷಲ್ ಮಾಲು ಮಾಡೋರು, ನಮ್ಮ ಪಕ್ಕದ ಹೊಲದವರ ನವಣಿ ನಾಕು ಚೀಲ ಚಲೋ ರೇಟಿಗೆ ಒಯ್ದರು. ಹೊಲದಾಗ ನಿಲ್ಲಿಸಿ ಫೋಟೋ ಹೊಡೆದರು. ರೈತನ ನಗುಮುಖ ಪ್ಯಾಕೆಟ್ಟಿನ ಮ್ಯಾಲೆ ಬಂತು. ಮುಂದಿನ ವರ್ಷ ಇನ್ನೂ ಬೇಕಾಗ್ತೈತಿ ಅಂತ ಬಾಯಿಮಾತಿನಾಗ ಹೇಳಿದ್ರು. ಇವರು ಎರಡು ಎಕರೆ ಬಿತ್ತಿದ್ರು. ರಾಶಿ ಆದ ಮ್ಯಾಲೆ ಫೋನ್ ಮಾಡಿದ್ರ, "ಆ ಪ್ರಾಡಕ್ಟು ಲಿಮಿಟೆಡ್ ಎಡಿಷನ್ ಇತ್ತು ಸರ್" ಅಂದ್ರು. ನವಣಿ ಕೊನಿಗೆ ಅರ್ಧ ರೇಟಿಗೆ ಹೋತು. ಫೋಟೋ ಇನ್ನೂ ಪ್ಯಾಕೆಟ್ಟಿನ ಮ್ಯಾಲೆ ನಗ್ತೈತಿ.

ಹಂಗಾಗಿ ಆ ಬೋರ್ಡಿನ ಮ್ಯಾಲಿನ "ಲಿಮಿಟೆಡ್" ಅನ್ನೋ ಶಬ್ದದ ಮ್ಯಾಲೆ ನನ್ನ ತಕರಾರು. ಮಾರೋನಿಗೆ ಅದು ಶೋಭೆ. ಸ್ವಲ್ಪೇ ಐತಿ ಅಂದ್ರ ಜನ ಮುಗಿಬೀಳ್ತಾರ, ರೇಟು ಏರ್ತೈತಿ. ಬೆಳೆಯೋನಿಗೆ ಅದು ಒಂದು ಹಂಗಾಮಿನ ಲಾಟರಿ. ಬಿಯರ್ ಬೇಕಾದ್ರ ಒಂದೇ ಹಂಡೆ ಮಾಡ್ಲಿ, ಹೆಸರು ಏನಾದ್ರೂ ಇಡ್ಲಿ. ಕಾಳಿನ ಖರೀದಿ ಲಿಮಿಟೆಡ್ ಆಗಬಾರದು. ಬಿತ್ತೋಕ ಮೊದಲೇ, ಅಂದ್ರ ಭಾದ್ರಪದದಾಗೇ, ಇಷ್ಟು ಕ್ವಿಂಟಲ್, ಇಷ್ಟು ರೇಟು, ಕಡಿಮಿ ಅಂದ್ರ ಮೂರು ವರ್ಷ ಅಂತ ಕಾಗದದ ಮ್ಯಾಲೆ ಬರೀಬೇಕು. ರೇಟು ಬೆಂಬಲ ಬೆಲೆ ಕೆಳಗೆ ಇಳೀಬಾರದು, ಮ್ಯಾಲೆ ಎಷ್ಟು ಅನ್ನೋದು ಚರ್ಚಿ. ಚೀಲದ ಮ್ಯಾಲೆ ತಳಿ ಹೆಸರು, ತಾಲೂಕಿನ ಹೆಸರು. ನನ್ನ ಫೋಟೋ ಬ್ಯಾಡ.

ಎದುರು ವಾದಾನೂ ಹೇಳಬೇಕು. ಬಾರ್ಲಿ ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣದಾಗ ಬೆಳೀತೈತಿ, ನಮ್ಮ ಜ್ವಾಳಕ್ಕಿಂತ ಅಗ್ಗ, ಕೆಲಸಾನೂ ಸಲೀಸು. ಸುಮ್ಮನೆ ದಯ ತೋರಿಸಿ ಯಾರೂ ಜ್ವಾಳ ಕೊಳ್ಳಂಗಿಲ್ಲ. ಹುರಿದ ಕಪ್ಪು ಕಾಳು, ವಿದೇಶದಿಂದ ಬರೋದು, ಅದರ ರೇಟು ಮಾತ್ರ ಬಾರ್ಲಿಯ ಹಲವು ಪಟ್ಟು. ನನ್ನ ಅಂದಾಜಿಗೆ ಜ್ವಾಳ ಹೊಗಬೇಕಾದದ್ದು ಆ ಸಂದಿಯಾಗ. ಹುರಿದ ಕಾಳಿಗೆ ಕಿಣ್ವದ ತಂಟೆ ಇಲ್ಲ, ಅದು ರುಚಿಗೆ, ಬಣ್ಣಕ್ಕೆ. ಹಂಡೆಗೆ ಹತ್ತರಾಗ ಒಂದು ಪಾಲು ಹುರಿದ ಮಾಲ್ದಂಡಿ ಹಾಕಿದ್ರ ಹಂಚಿನ ರೊಟ್ಟಿ ರುಚಿ ಬರ್ತೈತೇನು ಅಂತ ಹುಡುಗನಿಗೆ ಕೇಳೀನಿ. ಮಾಡಿ ನೋಡ್ತೀನಿ ಅಂದಾನ. ಯಾವ ಹದಕ್ಕ ಹುರೀಬೇಕು ಅನ್ನೋದನ್ನ ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಹಿಡಿದು ಕೊಟ್ರ ಇನ್ನೂ ಚಲೋ.

ಮನಿಯಾಕಿ ಇದನ್ನೆಲ್ಲ ಕೇಳಿ ಒಂದೇ ಮಾತು ಅಂದಳು: "ರೊಟ್ಟಿಗೆ ಬೆಳೆದ ಜ್ವಾಳನ ಕುಡುಕರಿಗೆ ಹಾಕ್ತೀರೇನು?" ಅವಳ ಮಾತು ತಳ್ಳಿಹಾಕೋ ಹಂಗಿಲ್ಲ. ನಮ್ಮ ಓಣಿಯಾಗೇ ಕುಡಿದು ಹೊಲ ಕಳಕೊಂಡ ಎರಡು ಮನಿ ಅದಾವು. ನಿಜಾಮರ ಕಾಲದಾಗ ಸೇಂದಿ ಇತ್ತು, ಆಮೇಲೆ ಸರಕಾರಿ ಸಾರಾಯಿ ಬಂತು, 2007ರಲ್ಲಿ ಸಾರಾಯಿ ಬಂದ್ ಆತು, ಈಗ ಟೆಟ್ರಾ ಪ್ಯಾಕು. ಕುಡಿಯೋದು ಮಾತ್ರ ನಿಂತಿಲ್ಲ. 480 ರೂಪಾಯಿ ಲೋಟ ನಮ್ಮೂರಿಗೆ ಬರಂಗಿಲ್ಲ, ಆ ಭಯ ಇಲ್ಲ ಅಂದೆ. "ಬರೋದು ಬ್ಯಾಡ" ಅಂದಳು. ನಮ್ಮ ಮೆಕ್ಕೆಜ್ವಾಳ, ನುಚ್ಚಕ್ಕಿ ಹೆಸರಿಲ್ಲದೆ, ರೇಟಿಲ್ಲದೆ ಡಿಸ್ಟಿಲರಿಗೆ ಹೋಗಾಕ ಹತ್ತಿ ಎಷ್ಟೋ ವರ್ಷ ಆತು ಅಂದೆ. ಅದಕ್ಕ ಅವಳು ಏನೂ ಅನ್ನಲಿಲ್ಲ, ಒಪ್ಪಿದಳು ಅಂತಾನೂ ಅಲ್ಲ. ಮನಿಗೆ ವರ್ಷಕ್ಕ ಬೇಕಾದ ಜ್ವಾಳ ಮೊದಲು ಹಗೇವಿಗೆ ಹಾಕೋದು, ಉಳಿದದ್ದರ ಮಾತು ಆಮೇಲೆ ಅಂತ ಅವಳ ಷರತ್ತು. ಅದು ನನಗೂ ಸರಿ ಅನಿಸೈತಿ.

ರಾಶಿ ಆದ ಮ್ಯಾಲೆ ಹುಡುಗನ ಪ್ರಯೋಗಕ್ಕ ಇಪ್ಪತ್ತೈದು ಕಿಲೋ ಕಳಿಸ್ತೀನಿ, ಅದರ ರೊಕ್ಕ ತಗೊಂಡೇ ಕಳಿಸ್ತೀನಿ. ಬಿಯರ್ ಹೆಂಗಾತು ಅಂತ ಇಲ್ಲೇ ಬರೀತೀನಿ. ಕುಷ್ಟಗಿ, ಯಲಬುರ್ಗಾ, ಕುಕನೂರು ಕಡೆ ಮಾಲ್ದಂಡಿ ಬಿತ್ತಿದವರು ಈ ಸಲ ಬೀಜದಿಂದ ಹಿಡಿದು ಕೀಳೋ ಆಳಿನ ತನಕ ಎಕರೆಗೆ ಎಷ್ಟು ಖರ್ಚು ಬಿತ್ತು ಅನ್ನೋದನ್ನ ಒಂದು ನೋಟ್‌ಬುಕ್ಕಿನಾಗ ಬರೆದು ಇಟ್ಕೊಳ್ರಿ, ಕಣಿಕಿ ಎಷ್ಟಕ್ಕ ಹೋತು ಅನ್ನೋದನ್ನೂ ಬರೀರಿ. ಯುಗಾದಿ ಆದ ಮ್ಯಾಲೆ ಒಂದಿನ ಹುಲಿಗಿಯಾಗ ಕೂತು ಲೆಕ್ಕ ಕೂಡಿಸೋಣ. ಬೆಂಗಳೂರಿನವರಿಗೆ ರೇಟು ಹೇಳೋ ಹೊತ್ತಿಗೆ ನಮ್ಮ ಕೈಯಾಗ ಆ ಕಾಗದ ಇರಬೇಕು.